ಸಕ್ಕರೆ ಕಾಯಿಲೆಯ ಆರೈಕೆ: ಒಂದು ಪಿಎಚ್‌ಸಿ ವ್ಯಾಪ್ತಿಯಲ್ಲಿ ಎಲ್ಲಿಂದ ಆರಂಭಿಸಬೇಕು?

ಊರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗುತ್ತಿದೆ ಎಂಬ ಮಾತು ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಬಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಉಚಿತ ತಪಾಸಣಾ ಶಿಬಿರ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಗಣ್ಯರಿಂದ ದೀಪ ಬೆಳಗಿಸಿ, ಸಂಜೆಯ ಹೊತ್ತಿಗೆ ಇನ್ನೂರು ಮುನ್ನೂರು ಜನರ ಬೆರಳು ಚುಚ್ಚಿ, ಸಕ್ಕರೆ ಹೆಚ್ಚಿದ್ದವರ ಕೈಗೆ ‘ದೊಡ್ಡಾಸ್ಪತ್ರೆಗೆ ತೋರಿಸಿ’ ಎಂಬ ಚೀಟಿ ಕೊಟ್ಟು ಕಳುಹಿಸಿದರೆ ಶಿಬಿರ ಮುಗಿಯುತ್ತದೆ. ನಾನು ಕೆಲಸ ಮಾಡಿದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ (ಪಿಎಚ್‌ಸಿ) ಇಂಥದೊಂದು ಶಿಬಿರ ನಡೆದಿತ್ತು. ಆರು ತಿಂಗಳ ನಂತರ ಪಟ್ಟಿ ಹಿಡಿದು ಮನೆಮನೆಗೆ ಹೋದಾಗ, ಚೀಟಿ ಪಡೆದವರಲ್ಲಿ ಬಹಳಷ್ಟು ಜನ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದವರಲ್ಲಿ ಹೆಚ್ಚಿನವರು ಮೊದಲ ಹತ್ತು ದಿನದ ಮಾತ್ರೆ ಮುಗಿದ ಮೇಲೆ ಮತ್ತೆ ತಿರುಗಿ ನೋಡಿರಲಿಲ್ಲ. ಒಂದು ಮನೆಯಲ್ಲಿ ಆ ಚೀಟಿ ಕ್ಯಾಲೆಂಡರಿನ ಮೊಳೆಗೆ, ಕರೆಂಟ್ ಬಿಲ್ಲಿನ ಹಿಂದೆ, ಚುಚ್ಚಿದ ಹಾಗೆಯೇ ಇತ್ತು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಶಿಬಿರ ಕೊನೆಯಲ್ಲಿ ಬರುತ್ತದೆ. ವೈದ್ಯಾಧಿಕಾರಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ಊರಿನ ಸ್ತ್ರೀಶಕ್ತಿ ಸಂಘದವರು ಒಟ್ಟಿಗೆ ಕುಳಿತು, ಈಗಿರುವ ಸಿಬ್ಬಂದಿ ಮತ್ತು ಈಗಿರುವ ಹಣದಲ್ಲಿಯೇ ಮಾಡಬಹುದಾದ ಕೆಲಸಗಳನ್ನು ಮಾತ್ರ ಇಲ್ಲಿ ಹೇಳಿದ್ದೇನೆ. ಕಾಯಿಲೆಯನ್ನು ಪತ್ತೆ ಹಚ್ಚುವುದು ಒಂದು ದಿನದ ಕೆಲಸ. ಪತ್ತೆಯಾದವರನ್ನು ಮೂವತ್ತು ವರ್ಷ ಕೈಬಿಡದೆ ನಡೆಸಿಕೊಂಡು ಹೋಗುವ ಏರ್ಪಾಡು ಇಲ್ಲದ ಕಡೆ ಆ ಒಂದು ದಿನದ ಕೆಲಸದಿಂದ ಭಯ ಹುಟ್ಟುತ್ತದೆಯೇ ಹೊರತು ಆರೋಗ್ಯ ಹುಟ್ಟುವುದಿಲ್ಲ.

ಸಮಸ್ಯೆಯ ಅಳತೆ ಗೊತ್ತಿರಲಿ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ, ಅಂದರೆ ಮಧುಮೇಹಪೂರ್ವ ಸ್ಥಿತಿಯಲ್ಲಿ ಇದ್ದಾರೆ. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ಪಟ್ಟಣಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಮತ್ತೊಂದು ಅಂಶ: ಹೊಸ್ತಿಲಲ್ಲಿ ನಿಂತವರ ಪ್ರಮಾಣದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ, ಎರಡೂ ಕಡೆ ಶೇ. 15ರ ಆಸುಪಾಸಿನಲ್ಲಿದೆ. ಮುಂದಿನ ಹತ್ತು ವರ್ಷಗಳ ರೋಗಿಗಳು ಈಗಾಗಲೇ ಹಳ್ಳಿಯಲ್ಲಿ ತಯಾರಾಗಿ ಕುಳಿತಿದ್ದಾರೆ ಎಂದೇ ಇದನ್ನು ಓದಿಕೊಳ್ಳಬೇಕು.

ಮೊದಲು ಔಷಧದ ಕಪಾಟನ್ನು ಎಣಿಸಿ

ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರ್ಕಾರದ ಮಾನದಂಡದಂತೆ 30,000 ಜನಸಂಖ್ಯೆ. ಇದರಲ್ಲಿ 30 ವರ್ಷ ದಾಟಿದವರು ಶೇ. 37ರಷ್ಟು ಎಂದು ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಸರ್ಕಾರಿ ಕಾರ್ಯಕ್ರಮದ ಯೋಜನೆಯಲ್ಲಿ ಹಿಡಿಯುತ್ತಾರೆ, ಅಂದರೆ ಸುಮಾರು 11,000 ಜನ. ಅವರಲ್ಲಿ ಹತ್ತಕ್ಕೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿದರೆ 1,100 ರೋಗಿಗಳು. ಪ್ರತಿಯೊಬ್ಬರೂ ದಿನಕ್ಕೆ ಎರಡು ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಮಾತ್ರೆ ನುಂಗಿದರೆ ತಿಂಗಳಿಗೆ 66,000 ಮಾತ್ರೆ ಬೇಕು. ಮೊದಲ ವರ್ಷ ಅರ್ಧದಷ್ಟು ಜನ ಮಾತ್ರ ಬಂದರೂ 33,000. ಈಗ ಎದ್ದು ಹೋಗಿ ಕಪಾಟಿನಲ್ಲಿ ಎಷ್ಟು ಮಾತ್ರೆಗಳಿವೆ ಎಂದು ಎಣಿಸಿ ಬನ್ನಿ. ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಫಾರ್ಮಸಿ ಕೊಠಡಿಯ ಗೋಡೆಗೆ ಅಂಟಿಸಿ. ನಿಮ್ಮ ಮಧುಮೇಹ ಕಾರ್ಯಕ್ರಮದ ಮೊದಲ ಗುರಿ ಅದೇ.

ಹೆಚ್ಚಿನ ಕಡೆ ಇಂಡೆಂಟ್, ಅಂದರೆ ಔಷಧದ ಬೇಡಿಕೆ ಪಟ್ಟಿ, ಹಾಕುವಾಗ ಹಿಂದಿನ ವರ್ಷ ಎಷ್ಟು ಖರ್ಚಾಗಿದೆ ಎಂದು ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಕಳುಹಿಸುವ ರೂಢಿಯಿದೆ. ಹಿಂದಿನ ವರ್ಷ ಮಾತ್ರೆಯೇ ಇಲ್ಲದೆ ಮೂರು ತಿಂಗಳು ಕಳೆದಿದ್ದರೆ ‘ಖರ್ಚು’ ಕಡಿಮೆ ಕಾಣುತ್ತದೆ, ಮುಂದಿನ ವರ್ಷವೂ ಕಡಿಮೆ ಬರುತ್ತದೆ. ಕೊರತೆ ಕೊರತೆಯನ್ನೇ ಹೆರುತ್ತದೆ. ಆದ್ದರಿಂದ ಇಂಡೆಂಟನ್ನು ಖರ್ಚಿನ ಮೇಲೆ ಹಾಕದೆ, ನೋಂದಾಯಿತ ರೋಗಿಗಳ ತಲೆಯೆಣಿಕೆಯ ಮೇಲೆ ಹಾಕಬೇಕು. ಎರಡು ತಿಂಗಳ ದಾಸ್ತಾನು ಯಾವಾಗಲೂ ಉಳಿದಿರುವಂತೆ ನೋಡಿಕೊಂಡು, ಅದಕ್ಕಿಂತ ಕೆಳಗಿಳಿದ ದಿನವೇ ಜಿಲ್ಲಾ ಉಗ್ರಾಣಕ್ಕೆ ಬರೆಯಬೇಕು. ತುರ್ತಿಗೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಜನೌಷಧಿ ಕೇಂದ್ರದ ಜೆನೆರಿಕ್ ಮಾತ್ರೆ ಕೊಳ್ಳಲು ಸಮಿತಿಯ ಸಭೆಯಲ್ಲಿ ಮೊದಲೇ ಠರಾವು ಮಾಡಿಸಿಟ್ಟುಕೊಂಡರೆ ಆ ಹೊತ್ತಿಗೆ ಪರದಾಡಬೇಕಾಗುವುದಿಲ್ಲ.

ಪಟ್ಟಿ ಉದ್ದವಾಗಬೇಕಿಲ್ಲ. ಮೆಟ್‌ಫಾರ್ಮಿನ್, ಸಕ್ಕರೆ ಇಳಿಸುವ ಸಲ್ಫೊನೈಲ್‌ಯೂರಿಯಾ ಗುಂಪಿನ ಒಂದು ಮಾತ್ರೆ (ನಮ್ಮ ಕಡೆ ಗ್ಲಿಮೆಪಿರೈಡ್), ಮಾನವ ಇನ್ಸುಲಿನ್, ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ಮತ್ತು ಟೆಲ್ಮಿಸಾರ್ಟನ್, ಕೊಲೆಸ್ಟರಾಲಿಗೆ ಅಟೊರ್ವಾಸ್ಟಾಟಿನ್: ಈ ಆರು ಔಷಧಗಳು ವರ್ಷದ ಎಲ್ಲ ದಿನವೂ ಸಿಗುವ ಕೇಂದ್ರ, ಇಪ್ಪತ್ತು ಔಷಧಗಳು ಆಗೊಮ್ಮೆ ಈಗೊಮ್ಮೆ ಸಿಗುವ ಕೇಂದ್ರಕ್ಕಿಂತ ಎಷ್ಟೋ ಮೇಲು. ಮಾತ್ರೆಯನ್ನು ಒಮ್ಮೆಗೆ ಮೂವತ್ತು ದಿನಕ್ಕೆ ಕೊಡಿ. ಹತ್ತು ದಿನಕ್ಕೊಮ್ಮೆ ಬಾ ಎಂದರೆ ಕೂಲಿಗೆ ಹೋಗುವವರು ತಿಂಗಳಲ್ಲಿ ಮೂರು ದಿನದ ಕೂಲಿಯನ್ನೂ ಮೂರು ಸಲದ ಬಸ್ ಚಾರ್ಜನ್ನೂ ಕಳೆದುಕೊಳ್ಳುತ್ತಾರೆ. ಪುಕ್ಕಟೆ ಮಾತ್ರೆ ಆಗ ಪುಕ್ಕಟೆ ಉಳಿಯುವುದಿಲ್ಲ.

ಕಾರ್ಡಿನ ಪೆಟ್ಟಿಗೆ

ಸರ್ಕಾರದ ಎನ್‌ಸಿಡಿ ಪೋರ್ಟಲ್‌ನಲ್ಲಿ ಹೆಸರು ದಾಖಲಿಸುವುದು ಬೇಕೇ ಬೇಕು. ಆದರೆ ‘ಇವತ್ತು ಬರಬೇಕಾಗಿದ್ದ ಯಾರು ಬಂದಿಲ್ಲ?’ ಎಂಬ ಒಂದೇ ಪ್ರಶ್ನೆಗೆ ಸಂಜೆ ನಾಲ್ಕು ಗಂಟೆಗೆ ಉತ್ತರ ಕೊಡುವ ಸಾಧನವಾಗಿ, ನೆಟ್‌ವರ್ಕ್ ಬಂದು ಹೋಗುವ ಊರುಗಳಲ್ಲಿ, ಒಂದು ಮರದ ಪೆಟ್ಟಿಗೆಯನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಊರ ಬಡಗಿಯಿಂದ ಗೇಣುದ್ದ ಅಗಲದ ಪೆಟ್ಟಿಗೆ ಮಾಡಿಸಿ, ಒಳಗೆ ರಟ್ಟಿನಿಂದ 31 ಖಾನೆಗಳನ್ನು ಮಾಡಿ, ಒಂದರಿಂದ ಮೂವತ್ತೊಂದರವರೆಗೆ ತಾರೀಖು ಬರೆಯಿರಿ. ಹಿಂದೆ ಹನ್ನೆರಡು ತಿಂಗಳ ಖಾನೆಗಳು ಬೇರೆ ಇರಲಿ. ಪ್ರತಿ ರೋಗಿಗೂ ಒಂದು ದಪ್ಪ ಕಾರ್ಡು: ಹೆಸರು, ಊರು, ಮನೆಯ ಗುರುತು, ಫೋನ್, ಆಶಾ ಕಾರ್ಯಕರ್ತೆಯ ಹೆಸರು, ಪ್ರತಿ ಭೇಟಿಯ ತಾರೀಖು, ಸಕ್ಕರೆ, ರಕ್ತದೊತ್ತಡ, ತೂಕ, ಕೊಟ್ಟ ಮಾತ್ರೆ, ಮುಂದಿನ ತಾರೀಖು. ರೋಗಿ ಮಾತ್ರೆ ತೆಗೆದುಕೊಂಡು ಹೊರಟ ಮೇಲೆ ಆ ಕಾರ್ಡನ್ನು ಮುಂದಿನ ಭೇಟಿಯ ತಾರೀಖಿನ ಖಾನೆಗೆ ಹಾಕಬೇಕು.

ಒಂದು ಗುರುವಾರವನ್ನು ನೆನೆಸಿಕೊಳ್ಳಿ. ಬೆಳಗ್ಗೆ 14ನೇ ಖಾನೆಯಿಂದ ಇಪ್ಪತ್ತೆರಡು ಕಾರ್ಡುಗಳನ್ನು ಹೊರತೆಗೆದು ಮೇಜಿನ ಮೇಲೆ ಇಟ್ಟಿದ್ದೀರಿ. ಸಂಜೆಯ ಹೊತ್ತಿಗೆ ಹದಿನಾರು ಕಾರ್ಡುಗಳು ಮುಂದಿನ ತಿಂಗಳಿಗೆ ಹೋಗಿವೆ, ಆರು ಮೇಜಿನ ಮೇಲೇ ಉಳಿದಿವೆ. ಆ ಆರು ಹೆಸರುಗಳೇ ಇಡೀ ಕಾರ್ಯಕ್ರಮದ ಜೀವಾಳ. ಮೊದಲು ಫೋನ್ ಮಾಡಿ. ಮೂರು ದಿನದೊಳಗೆ ಬರದಿದ್ದರೆ ಆಯಾ ಊರಿನ ಆಶಾ ಕಾರ್ಯಕರ್ತೆಗೆ ಹೆಸರು ಕೊಡಿ. ಅವರು ಮನೆಗೆ ಹೋದಾಗ ‘ಯಾಕೆ ಬರಲಿಲ್ಲ’ ಎಂದು ಜಬರಿಸುವ ಬದಲು ‘ಏನು ತೊಂದರೆಯಾಯಿತು’ ಎಂದು ಕೇಳಲಿ. ಉತ್ತರಗಳು ಬಹುಮಟ್ಟಿಗೆ ಇವೇ ಆಗಿರುತ್ತವೆ: ಸುಗ್ಗಿ, ಮೊಮ್ಮಗಳ ಬಾಣಂತನ, ಬಸ್ ಇರಲಿಲ್ಲ, ಮಾತ್ರೆ ತಗೊಂಡರೆ ಹೊಟ್ಟೆ ಕೆಡುತ್ತದೆ, ಈಗ ಚೆನ್ನಾಗಿದ್ದೇನೆ. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹೆಂಗಸು ಎರಡು ತಿಂಗಳ ಮಾತ್ರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಗೆಯೇ ವಾಪಸು ತಂದು ತೋರಿಸಿ, “ತಲೆ ತಿರುಗಿದ ದಿನ ನುಂಗ್ತೀನಿ ಸಿಸ್ಟರ್, ಚೆನ್ನಾಗಿದ್ದ ದಿನ ಯಾಕೆ ದಂಡ ಮಾಡೋದು?” ಎಂದಿದ್ದರು. ಸಿಸ್ಟರ್ ಬೈಯಲಿಲ್ಲ. “ಅಕ್ಕ, ಗೆದ್ದಲು ಹಿಡಿದ ತೊಲೆಯೂ ಬೀಳೋವರೆಗೂ ಚೆನ್ನಾಗೇ ಕಾಣ್ತದೆ ಅಲ್ವಾ?” ಎಂದರು. ಹತ್ತು ಪುಟದ ಕರಪತ್ರಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿತು.

ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಪಿಎಚ್‌ಸಿಯಲ್ಲಿ ಸಿಗದಿದ್ದರೆ ಚಿಂತೆ ಬೇಡ. ಖಾಲಿ ಹೊಟ್ಟೆಯ ಸಕ್ಕರೆಯನ್ನೇ ಆಧಾರವಾಗಿ ಹಿಡಿದು 80ರಿಂದ 130 ಮಿ.ಗ್ರಾಂ ಒಳಗೆ ತರುವ ಗುರಿ ಇಟ್ಟುಕೊಂಡರೆ ಸಾಕು. ವಯಸ್ಸಾದವರಲ್ಲಿ, ಒಂಟಿಯಾಗಿ ಇರುವವರಲ್ಲಿ ಗುರಿಯನ್ನು ಸಡಿಲಿಸಬೇಕು. ಆದರೆ ರಕ್ತದೊತ್ತಡ ನೋಡದೆ ಯಾರನ್ನೂ ಕಳುಹಿಸಬಾರದು. ಸಕ್ಕರೆ ಕಾಯಿಲೆಯವರ ಜೀವ ತೆಗೆಯುವುದು ಹೆಚ್ಚಾಗಿ ಹೃದಯಾಘಾತ ಮತ್ತು ಪಾರ್ಶ್ವವಾಯು. ಬಿಪಿಯನ್ನು ಬಿಗಿಯಾಗಿ ಹಿಡಿದಿಟ್ಟರೆ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ಮಧುಮೇಹ ಅಧ್ಯಯನ 1998ರಲ್ಲಿಯೇ ತೋರಿಸಿದೆ. ಸಕ್ಕರೆ ನೋಡುವ ಗ್ಲುಕೋಮೀಟರಿನ ಹಾಗೆ ಬಿಪಿ ಯಂತ್ರಕ್ಕೆ ಸ್ಟ್ರಿಪ್ ಕೊಳ್ಳಬೇಕಿಲ್ಲ ಎಂಬುದು ಬಡ ಕೇಂದ್ರಗಳ ಪಾಲಿಗೆ ಸಣ್ಣ ಮಾತಲ್ಲ.

ಬೆರಳು ಚುಚ್ಚುವ ಮೊದಲು

ಎಲ್ಲರನ್ನೂ ಪರೀಕ್ಷಿಸಲು ಸ್ಟ್ರಿಪ್ ಸಾಲದಿದ್ದಾಗ ಯಾರಿಗೆ ಮೊದಲು ಎಂಬುದನ್ನು ಒಂದು ಅಳತೆ ಟೇಪು ಹೇಳಬಲ್ಲದು. ಆಶಾ ಕಾರ್ಯಕರ್ತೆಯರು ಕಾಯಿಲೆಯ ಅಪಾಯ ಅಳೆಯಲು ತುಂಬುವ ಸಿಬ್ಯಾಕ್ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ಕಾಯಿಲೆ ಇರುವುದು ಇವುಗಳಿಗೆ ಅಂಕಗಳಿವೆ. ಒಟ್ಟು ನಾಲ್ಕನ್ನು ಮೀರಿದವರನ್ನು ಮೊದಲು ಕರೆಯಬೇಕು. ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಅಂಕ ಏರತೊಡಗುತ್ತದೆ. ಟೇಪನ್ನು ಸೀರೆಯ ನೆರಿಗೆಯ ಮೇಲೆ, ಪಂಚೆಯ ಗಂಟಿನ ಮೇಲೆ ಸುತ್ತಿ ಬರೆದ ಸಂಖ್ಯೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಅಂಚಿಗೂ ನಡುವೆ, ಉಸಿರು ಬಿಟ್ಟಾಗ, ಬಟ್ಟೆ ಸರಿಸಿ ಅಳೆಯಬೇಕು. ಹೆಂಗಸರನ್ನು ಅಳೆಯುವ ಜಾಗಕ್ಕೆ ಒಂದು ಪರದೆ ಕಟ್ಟುವುದು ಮರೆಯಬಾರದು.

ಚುಚ್ಚುವ ಮೊದಲು ಬೆರಳನ್ನು ಸಾಬೂನು ನೀರಿನಲ್ಲಿ ತೊಳೆಸಿ ಒಣಗಿಸಿ. ಬಾಳೆಹಣ್ಣು ಸುಲಿದ, ಬೆಲ್ಲ ಮುಟ್ಟಿದ ಕೈಯ ಹನಿ ಗ್ಲುಕೋಮೀಟರಿನಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ, ತೇವ ಹಿಡಿದು ಸ್ಟ್ರಿಪ್ ಕೆಡುತ್ತದೆ. ಊಟದ ಲೆಕ್ಕವಿಲ್ಲದೆ ತೆಗೆದ ರಕ್ತದಲ್ಲಿ ಸಕ್ಕರೆ 140 ಅಥವಾ ಹೆಚ್ಚು ಬಂದರೆ ಅದು ಕಾಯಿಲೆ ಎಂಬ ತೀರ್ಪಲ್ಲ, ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಿ ಎಂಬ ಸೂಚನೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು ಬಂದು, ಇನ್ನೊಂದು ದಿನವೂ ಅದೇ ಫಲಿತಾಂಶ ಬಂದರೆ ಮಾತ್ರ ಮಧುಮೇಹ ಎಂದು ಬರೆಯಬೇಕು. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಇವೆಲ್ಲ ಇದ್ದು, ಯಾವಾಗ ತೆಗೆದರೂ 200 ದಾಟಿದರೆ ಎರಡನೆಯ ದಿನಕ್ಕೆ ಕಾಯಬೇಕಿಲ್ಲ.

ಮೂರು ಗುಂಪಿನವರನ್ನು ಅಂಕಗಳ ಲೆಕ್ಕವಿಲ್ಲದೆ ಪರೀಕ್ಷಿಸಬೇಕು. ಮೊದಲನೆಯವರು ಗರ್ಭಿಣಿಯರು: ಚೆನ್ನೈನ ಡಾ. ವಿ. ಶೇಷಯ್ಯ ಅವರು ಮುನ್ನಡೆಸಿದ ಡಿಪ್ಸಿ ವಿಧಾನದಲ್ಲಿ ಉಪವಾಸವಿರಬೇಕಾಗಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ನೋಡಬೇಕು. ತಾಯಿ ಕಾರ್ಡಿನ ದಿನವೇ ಇದನ್ನು ಇಟ್ಟುಕೊಂಡರೆ ಆ ಎರಡು ಗಂಟೆಯಲ್ಲಿ ಉಳಿದ ತಪಾಸಣೆಯೂ ಮುಗಿಯುತ್ತದೆ. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಪರೀಕ್ಷಿಸಬೇಕು, ಮಗುವಿನ ಲಸಿಕೆಯ ದಿನ ತಾಯಿಯನ್ನೂ ಕೂರಿಸಿದರೆ ಸಾಕು. ಎರಡನೆಯವರು ಕ್ಷಯರೋಗಿಗಳು, ಸಕ್ಕರೆ ಕಾಯಿಲೆ ಕ್ಷಯದ ಅಪಾಯವನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ, ಆದ್ದರಿಂದ ಎರಡು ವಾರ ಮೀರಿ ಕೆಮ್ಮುವ ಸಕ್ಕರೆ ರೋಗಿಯ ಕಫವನ್ನೂ ಪರೀಕ್ಷಿಸಬೇಕು. ಮೂರನೆಯವರು ಮಕ್ಕಳು. ವಾಂತಿ, ಹೊಟ್ಟೆನೋವು, ಏದುಸಿರು ಎಂದು ಬಂದ ಮಗುವಿನ ತಾಯಿಯನ್ನು ‘ರಾತ್ರಿ ಹಾಸಿಗೆ ಒದ್ದೆ ಮಾಡಲು ಮತ್ತೆ ಶುರುಮಾಡಿದ್ದಾನೆಯೇ?’ ಎಂದು ಕೇಳಿ. ಹೌದು ಎಂದರೆ ಒಂದು ಹನಿ ರಕ್ತ ನೋಡದೆ ಡ್ರಿಪ್ ಹಾಕಬಾರದು. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಮಧುಮೇಹದ ಮಗುವಿಗೆ ಇನ್ಸುಲಿನ್ ತಡವಾದರೆ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಸಕ್ಕರೆ ತೀರಾ ಹೆಚ್ಚಿದ್ದರೆ ಕೂಡಲೇ 108 ಕರೆದು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಇನ್ಸುಲಿನ್, ಮಡಕೆ ಮತ್ತು ಮುಚ್ಚಳದ ಬಣ್ಣ

ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರು ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ನೂರು ವರ್ಷ ಕಳೆದರೂ ನಮ್ಮ ಹಳ್ಳಿಗಳಲ್ಲಿ ಅದನ್ನು ತಂಪಾಗಿಡುವುದೇ ದೊಡ್ಡ ಪ್ರಶ್ನೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಅದನ್ನು ಉಪಕೇಂದ್ರದ ಫ್ರಿಜ್ಜಿನಲ್ಲಿ ರೋಗಿಯ ಹೆಸರು ಬರೆದು ಇಡಬಹುದು. ಬಳಸುತ್ತಿರುವ ಬಾಟಲಿ ಕೋಣೆಯ ತಂಪಿನಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ, ಆದರೆ ರಾಯಚೂರು ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಕೋಣೆಗೆ ತಂಪೆಂಬುದೇ ಇರುವುದಿಲ್ಲ. ಅಲ್ಲಿ ನಮ್ಮ ಅಜ್ಜಿಯರ ಬುದ್ಧಿ ಸಾಕು: ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆ ಎರಡು ಸಲ ತೋಯಿಸಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟು, ಒದ್ದೆ ಗೋಣಿ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ನೀರು ಆವಿಯಾಗುವಾಗ ಒಳಗಿನ ಕಾವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಡುಪಿ, ಕಾರವಾರದ ತೇವದ ಸೆಕೆಯಲ್ಲಿ ಇದರ ಮೇಲೆ ಅಷ್ಟು ಭರವಸೆ ಇಡಬಾರದು. ಫ್ರಿಜ್ಜು ಇರುವ ಮನೆಯವರು ಐಸ್ ಪೆಟ್ಟಿಗೆಯಲ್ಲಿ ಇಟ್ಟು ಹೆಪ್ಪುಗಟ್ಟಿಸಿದರೆ ಅಂಥ ಇನ್ಸುಲಿನ್ ಎಸೆಯಬೇಕೇ ವಿನಾ ಕರಗಿಸಿ ಬಳಸಬಾರದು.

ಮುಚ್ಚಳದ ಬಣ್ಣದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳಲ್ಲಿ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ನಾನು ಕಂಡ ಒಬ್ಬ ರೈತರು ಸರ್ಕಾರಿ ಬಾಟಲಿಗೆ ಪೇಟೆಯಿಂದ ಕಿತ್ತಳೆ ಸಿರಿಂಜ್ ತಂದು, ತಪ್ಪದೆ 20ರ ಗೆರೆಯವರೆಗೆ ಎಳೆದು ಚುಚ್ಚಿಕೊಳ್ಳುತ್ತಿದ್ದರು. ಅವರ ಮೈಗೆ ಸೇರುತ್ತಿದ್ದದ್ದು 8 ಯೂನಿಟ್ ಮಾತ್ರ. ಎರಡು ವಾರ ನಾವೆಲ್ಲ ಅವರ ಊಟವನ್ನು ಅನುಮಾನಿಸಿದೆವು. ತಪ್ಪು ಮತ್ತೊಂದು ದಿಕ್ಕಿಗೆ ಆಗಿದ್ದರೆ, ಅಂದರೆ ಯು-100 ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದಿದ್ದರೆ, 50 ಯೂನಿಟ್ ಹೋಗಿ ಅವರು ಎಚ್ಚರ ತಪ್ಪಿ ಬೀಳುತ್ತಿದ್ದರು. ಆದ್ದರಿಂದ ಬಾಟಲಿ ಕೊಡುವವರೇ ಸಿರಿಂಜನ್ನೂ ಕೊಡಬೇಕು, ಪ್ರತಿ ತಿಂಗಳೂ ‘ಮನೆಯಲ್ಲಿ ಚುಚ್ಚಿಕೊಳ್ಳುವ ಹಾಗೆ ಎಳೆದು ತೋರಿಸಿ’ ಎನ್ನಬೇಕು. ಕದಡಿದ ಬಣ್ಣದ ಇನ್ಸುಲಿನ್ನನ್ನು ಕುಲುಕದೆ ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಬೇಕು, ಚುಚ್ಚುವ ಜಾಗವನ್ನು ದಿನವೂ ಬದಲಿಸಬೇಕು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಮನೆಯ ಎಲ್ಲರಿಗೂ ‘ಲೋ ಶುಗರ್’ ಗೊತ್ತಿರಬೇಕು: ಬೆವರು, ನಡುಕ, ಎದೆಬಡಿತ, ತಡವರಿಸುವ ಮಾತು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿ, ಸುಧಾರಿಸದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬಾರದು. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಬರುವ ಮೊದಲೇ ಉಪವಾಸ ಮಾಡುವಿರಾ ಎಂದು ಕೇಳಿ ವೈದ್ಯರಿಂದ ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಿಕೊಡಬೇಕು. ಉಪವಾಸ ಮಾಡಬೇಡಿ ಎಂದಷ್ಟೇ ಹೇಳಿದರೆ ಅವರು ನಮಗೆ ಹೇಳದೆ ಮಾಡುತ್ತಾರೆ.

ಪಾದ ನೋಡಲು ಬೇಕಾದದ್ದು ಒಂದು ಬೆರಳು

ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ ಸಿಗದಿದ್ದರೆ ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಮಾಡಬಹುದು. ರೋಗಿ ಕಣ್ಣು ಮುಚ್ಚಿರಲಿ. ನಿಮ್ಮ ತೋರುಬೆರಳ ತುದಿಯಿಂದ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ಸವರಬೇಡಿ. ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ. ಅಂಥವರ ಕಾರ್ಡಿನ ಮೂಲೆಗೆ ಕೆಂಪು ಮಸಿ ಹಚ್ಚಿ, ಪ್ರತಿ ಭೇಟಿಯಲ್ಲಿಯೂ ಚಪ್ಪಲಿ ಬಿಡಿಸಿ ಬೆರಳ ಸಂದು, ಹಿಮ್ಮಡಿಯ ಬಿರುಕು ನೋಡಿ. ಕುಷ್ಠರೋಗದ ಆರೈಕೆಗಾಗಿ ಬಳಕೆಗೆ ಬಂದ ಎಂಸಿಆರ್ (ಮೃದು ರಬ್ಬರ್) ಮೆತ್ತೆಯ ಚಪ್ಪಲಿ ಇವರಿಗೂ ಸರಿಹೋಗುತ್ತದೆ. ಬಿಸಿಲು ಕಾದ ದೇವಸ್ಥಾನದ ಪ್ರಾಂಗಣದಲ್ಲಿ ಬರಿಗಾಲಿನ ಪ್ರದಕ್ಷಿಣೆ ಇವರ ಪಾಲಿಗೆ ಸುಟ್ಟಗಾಯ. ಬೆಳಗಿನ ಹೊತ್ತು ಹೋಗಿ ಎನ್ನಿ, ಹೋಗಬೇಡಿ ಎನ್ನಬೇಡಿ. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಬೇಕು.

ಹೊಸ್ತಿಲಲ್ಲಿ ನಿಂತವರಿಗೆ

ತಡೆಗಟ್ಟುವಿಕೆ ಎಂಬುದು ಉಪದೇಶವಲ್ಲ, ಫಲ ಕೊಟ್ಟ ಚಿಕಿತ್ಸೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆ ಬದಲಿಸಿಕೊಂಡಾಗ ಮೂರು ವರ್ಷದಲ್ಲಿ ಮಧುಮೇಹಕ್ಕೆ ದಾಟುವ ಸಂಭವ ಶೇ. 28.5ರಷ್ಟು ಕುಗ್ಗಿತು; ಮೆಟ್‌ಫಾರ್ಮಿನ್ ಕೊಟ್ಟವರಲ್ಲಿ ಶೇ. 26.4; ಎರಡನ್ನೂ ಸೇರಿಸಿದವರಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಣವಿಲ್ಲದ ಕೇಂದ್ರಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಆದರೆ ಹೇಳುವ ಮಾತು ನಮ್ಮ ತಟ್ಟೆಗೆ ಹೊಂದಬೇಕು. ಸೇಬು ತಿನ್ನಿ, ಓಟ್ಸ್ ತಿನ್ನಿ ಎನ್ನುವ ಕರಪತ್ರಗಳನ್ನು ಬದಿಗಿಡಿ. ನಾನೂ ಮುದ್ದೆಯ ಸೀಮೆಯವನೇ, ಆದರೂ ಹೇಳಲೇಬೇಕು: ರಾಗಿ ಸಕ್ಕರೆ ಕಾಯಿಲೆಗೆ ಔಷಧ ಎಂಬ ನಂಬಿಕೆಯಿಂದ ದೊಡ್ಡ ಮುದ್ದೆ ಎರಡು ನುಂಗಿ, ಮೇಲೆ ಅನ್ನವನ್ನೂ ಉಂಡರೆ ಸಕ್ಕರೆ ಏರದೆ ಇರುವುದಿಲ್ಲ, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಬದಲಿಸಬೇಕಾದ್ದು ಧಾನ್ಯವನ್ನಲ್ಲ, ಅದರ ಅಳತೆಯನ್ನು. ಒಂದು ಸಣ್ಣ ಮುದ್ದೆ ಅಥವಾ ಒಂದೂವರೆ ಜೋಳದ ರೊಟ್ಟಿ ಅಥವಾ ಒಂದು ಬಟ್ಟಲು ಅನ್ನ, ಈ ಮೂರರಲ್ಲಿ ಒಂದು ಮಾತ್ರ. ಉಳಿದ ಜಾಗಕ್ಕೆ ಬಸ್ಸಾರಿನ ಸೊಪ್ಪು, ಹುರುಳಿ, ಹೆಸರು, ಅಲಸಂದೆ, ಹಿತ್ತಲಿನ ಹೀರೆ, ಬದನೆ, ಮೊಟ್ಟೆ ಅಥವಾ ಮೀನು. ಪಡಿತರದ ಅಕ್ಕಿ ಕೈಗೆಟುಕುವಂತಿದ್ದು ಕಾಳಿಗೆ ದುಡ್ಡು ಕೊಡಬೇಕಾಗಿ ಬರುವ ಮನೆಯಲ್ಲಿ ಈ ಸಲಹೆಗೂ ಬೆಲೆಯಿದೆ ಎಂಬುದನ್ನು ಮರೆಯಬಾರದು. ಅದಕ್ಕೇ ಬದುವಿನಲ್ಲಿ ಅಲಸಂದೆ, ಹಿತ್ತಲಿನಲ್ಲಿ ನುಗ್ಗೆ ಹಾಕಿಸುವುದನ್ನು ಸ್ತ್ರೀಶಕ್ತಿ ಸಂಘದ ಕೆಲಸವಾಗಿ ಮಾಡಿ.

ಎಲ್ಲಕ್ಕಿಂತ ಸುಲಭವಾದ ಗೆಲುವು ಚಹಾದ ಲೋಟದಲ್ಲಿದೆ. ದಿನಕ್ಕೆ ಐದು ಸಲ, ಸಲಕ್ಕೆ ಎರಡು ಚಮಚವೆಂದರೆ ಹತ್ತು ಚಮಚ, 40 ಗ್ರಾಮಿಗೂ ಮೀರಿದ ಸಕ್ಕರೆ. ಸಭೆಯಲ್ಲಿ ಎಲ್ಲರ ಮುಂದೆ ಒಂದು ಗಾಜಿನ ಲೋಟಕ್ಕೆ ಹತ್ತು ಚಮಚ ಸಕ್ಕರೆ ಎಣಿಸಿ ಹಾಕಿ ತೋರಿಸಿ, ಮಾತು ಬೇಕಾಗುವುದಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಬಣ್ಣ ಬದಲಾಗುತ್ತದೆ, ಕಾಯಿಲೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮಧುನಾಶಿನಿ ಸೊಪ್ಪು ತೆಗೆದುಕೊಳ್ಳುವವರನ್ನು ಗೇಲಿ ಮಾಡಬೇಡಿ. ಮಾತ್ರೆ ನಿಲ್ಲಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ತೆಗೆದುಕೊಳ್ಳುತ್ತಿರುವುದನ್ನು ಕಾರ್ಡಿನಲ್ಲಿ ಬರೆಯಿರಿ. ನಡಿಗೆಯ ಮಾತು ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸಿಗಲ್ಲ, ಅವಳಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಕಾಳು. ಅದು ಬೈಕು ಬಂದ ಮೇಲೆ ಅಂಗಡಿಗೂ ನಡೆಯದ ಅವಳ ಗಂಡನಿಗೆ, ವಾರಕ್ಕೆ 150 ನಿಮಿಷ.

ಕೊನೆಗೆ, ಲೆಕ್ಕ ಮತ್ತು ಶಿಬಿರ

ಮೂರು ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಮೂರು ಸಂಖ್ಯೆಗಳನ್ನು ಬರೆಯಿರಿ: ನೋಂದಾಯಿತರಲ್ಲಿ ಎಷ್ಟು ಜನ ಈ ತ್ರೈಮಾಸಿಕದಲ್ಲಿ ಬಂದರು, ಅವರಲ್ಲಿ ಎಷ್ಟು ಜನರ ಸಕ್ಕರೆ ಹತೋಟಿಯಲ್ಲಿದೆ, ಎಷ್ಟು ಜನರ ಬಿಪಿ 140/90ರ ಒಳಗಿದೆ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿಯಲ್ಲಿಯೂ ಸಕ್ಕರೆ ಮತ್ತು ಬಿಪಿ ಎರಡಕ್ಕೂ ಪತ್ತೆಯಾದವರಲ್ಲಿ ಶೇ. 80ರ ಹತೋಟಿ ಎಂದೇ ಇದೆ. ಬರದೇ ಹೋದವರನ್ನು ‘ಹತೋಟಿಯಲ್ಲಿಲ್ಲ’ ಎಂದೇ ಎಣಿಸಬೇಕು. ಬಂದವರನ್ನು ಮಾತ್ರ ಎಣಿಸಿದರೆ ಶೇಕಡಾವಾರು ಚೆನ್ನಾಗಿ ಕಾಣುತ್ತದೆ, ಅಷ್ಟೇ. ಎರಡು ತ್ರೈಮಾಸಿಕ ಸತತವಾಗಿ ಕಪಾಟು ಖಾಲಿಯಾಗದೆ, ನೋಂದಾಯಿತರಲ್ಲಿ ಮುಕ್ಕಾಲು ಪಾಲು ಜನ ತಪ್ಪದೆ ಬಂದರೆ, ಆಗ ಶಿಬಿರಕ್ಕೆ ದಿನ ಗೊತ್ತು ಮಾಡಿ.

ಅದನ್ನೂ ಒಂದೇ ದಿನ ಮುನ್ನೂರು ಜನರಿಗೆ ಮಾಡುವ ಬದಲು, ಉಪಕೇಂದ್ರಕ್ಕೆ ವಾರಕ್ಕೊಂದು ಬೆಳಗ್ಗೆ, ಸಿಬ್ಯಾಕ್ ಅಂಕ ಹೆಚ್ಚಿರುವ ಇಪ್ಪತ್ತು ಜನರಿಗೆ, ಕೂಲಿಗೆ ಹೊರಡುವ ಮೊದಲು ಏಳು ಗಂಟೆಗೆ ಮಾಡುವುದು ಒಳ್ಳೆಯದು. ಖಾಲಿ ಹೊಟ್ಟೆಯೂ ಆಗುತ್ತದೆ, ಕೂಲಿಯೂ ಉಳಿಯುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ಮನೆಭೇಟಿಗಳನ್ನೂ ಇದೇ ಪಟ್ಟಿಗೆ ಜೋಡಿಸಿಕೊಳ್ಳಬಹುದು. ಹೋಗುವಾಗ ಕಾರ್ಡಿನ ಪೆಟ್ಟಿಗೆಯನ್ನೂ ಒಂದು ತಿಂಗಳ ಮಾತ್ರೆಯನ್ನೂ ಜೊತೆಗೆ ಒಯ್ಯಿರಿ. ಸಕ್ಕರೆ ಹೆಚ್ಚು ಬಂದವರ ಹೆಸರನ್ನು ಅಲ್ಲಿಯೇ ಕಾರ್ಡಿಗೆ ಬರೆದು, ಮರುಪರೀಕ್ಷೆಯ ತಾರೀಖನ್ನು ಅವರ ಬಾಯಿಂದಲೇ ಹೇಳಿಸಿ, ಕಾರ್ಡನ್ನು ಆ ತಾರೀಖಿನ ಖಾನೆಗೆ ಹಾಕಿದ ಮೇಲೆಯೇ ಮುಂದಿನವರ ಬೆರಳಿಗೆ ಸೂಜಿ ಮುಟ್ಟಿಸಿ.